ಪಾಸ್‌ಪೋರ್ಟ್ ಇತ್ತು, ದೇಶ ಇರಲಿಲ್ಲ: ಹಾಂಗ್‌ಕಾಂಗ್‌ನ ಭಾರತೀಯರ ಪೌರತ್ವ ಪ್ರಕರಣ

ಮೊದಲು ಒಂದು ಪುಟ್ಟ ಪುಸ್ತಕವನ್ನು ನೋಡೋಣ. ಅಂಗೈ ಅಗಲ, ಕಡುಗೆಂಪು ರಟ್ಟು. ರಟ್ಟಿನ ಮೇಲೆ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಹಿಡಿದಿರುವ ಬ್ರಿಟನ್ನಿನ ರಾಜಲಾಂಛನ. ಒಳಗೆ ರಾಣಿಯ ಹೆಸರಿನಲ್ಲಿ ಒಂದು ಕೋರಿಕೆ: ಈ ಪುಸ್ತಕ ಹಿಡಿದು ಬಂದವರನ್ನು ಅಡ್ಡಿಪಡಿಸದೆ ಹೋಗಲು ಬಿಡಿ, ಬೇಕಾದ ನೆರವು ಕೊಡಿ. ಜಗತ್ತಿನ ಎಲ್ಲ ಸರ್ಕಾರಗಳಿಗೂ ಮಾಡಿರುವ ಕೋರಿಕೆ ಅದು. ಇನ್ನೂ ಸ್ವಲ್ಪ ಪುಟ ಮಗುಚಿದರೆ ಒಂದು ಷರಾ ಸಿಗುತ್ತದೆ. ಈ ವ್ಯಕ್ತಿಯ ಹತ್ತಿರ ಹಾಂಗ್‌ಕಾಂಗ್‌ನ ಕಾಯಂ ಗುರುತಿನ ಚೀಟಿ ಇದೆ, ಅದರ ಪ್ರಕಾರ ಇವರಿಗೆ ಹಾಂಗ್‌ಕಾಂಗ್‌ನಲ್ಲಿ ವಾಸದ ಹಕ್ಕಿದೆ ಎಂದು ಅಲ್ಲಿ ಬರೆದಿದೆ.

ಬ್ರಿಟನ್ನಿನಲ್ಲಿ ವಾಸ ಮಾಡುವ ಹಕ್ಕಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ಯಾಕೆಂದರೆ ಆ ಹಕ್ಕು ಇರಲಿಲ್ಲ. ದಾರಿ ಬಿಡಿ ಎಂದು ಊರಿಗೆಲ್ಲ ಹೇಳಿದ ಸರ್ಕಾರ ತನ್ನ ಮನೆಯ ಬಾಗಿಲನ್ನು ಮಾತ್ರ ಹಾಕಿಕೊಂಡಿತ್ತು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಪಹಣಿಯಲ್ಲಿ ಹೆಸರು ಇದೆ, ಜಮೀನಿಗೆ ಕಾಲಿಡುವ ಹಾಗಿಲ್ಲ. ಬ್ರಿಟನ್ ತನ್ನ ವಸಾಹತಾಗಿದ್ದ ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಿದ 1997ರ ಹೊತ್ತಿಗೆ ಅಲ್ಲಿನ ಲಕ್ಷಾಂತರ ಜನರ ಸ್ಥಿತಿ ಇದೇ ಆಗಿತ್ತು. ಆದರೆ ನಾನು ಇಲ್ಲಿ ಅವರೆಲ್ಲರ ಕತೆ ಹೇಳುತ್ತಿಲ್ಲ. ಅವರೊಳಗಿನ ಒಂದು ಸಣ್ಣ ಗುಂಪಿನ ಕತೆ ಹೇಳುತ್ತೇನೆ. ಹಾಂಗ್‌ಕಾಂಗ್‌ನಲ್ಲೇ ಬೇರು ಬಿಟ್ಟಿದ್ದ, ಬ್ರಿಟಿಷ್ ಪಾಸ್‌ಪೋರ್ಟ್ ಬಿಟ್ಟರೆ ಬೇರೆ ಯಾವ ದೇಶದ ಕಾಗದವೂ ಇಲ್ಲದಿದ್ದ ಭಾರತ ಉಪಖಂಡದ ಮೂಲದವರು ಅವರು. ಯಾವ ಲೆಕ್ಕ ಹಿಡಿದರೂ ಹತ್ತು ಸಾವಿರ ದಾಟದ ಜನ. ಇಷ್ಟು ಜನರಿಗೆ ಹೌದು ಅನ್ನಲು ಲಂಡನ್ ಸರ್ಕಾರಕ್ಕೆ ಹನ್ನೆರಡು ವರ್ಷ ಹಿಡಿಯಿತು. ಯಾಕೆ ಅಷ್ಟು ಹಿಡಿಯಿತು ಅನ್ನುವುದೇ ಈ ಅಧ್ಯಯನದ ವಿಷಯ.

ಯಾರು ಇವರು?

1841ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ದ್ವೀಪದಲ್ಲಿ ಬಾವುಟ ನೆಟ್ಟರು. ಮರುವರ್ಷ ನಾನ್ಕಿಂಗ್ ಒಪ್ಪಂದದಲ್ಲಿ ದ್ವೀಪ ಅಧಿಕೃತವಾಗಿ ಅವರದಾಯಿತು. ಭಾರತೀಯರು ಆ ಊರಿಗೆ ಆಮೇಲೆ ಬಂದ ನೆಂಟರಲ್ಲ. ಮೊದಲ ದಿನಗಳಿಂದಲೂ ಅಲ್ಲಿದ್ದವರು. ಸಿಪಾಯಿಗಳಾಗಿ, ಪಾರ್ಸಿ ವ್ಯಾಪಾರಿಗಳಾಗಿ, ಆಮೇಲೆ ಸಿಖ್ ಪೊಲೀಸರಾಗಿ ಬಂದರು. ಇವತ್ತಿಗೂ ಬಂದರಿನಲ್ಲಿ ಓಡಾಡುವ ಸ್ಟಾರ್ ಫೆರಿ ದೋಣಿ ಸೇವೆಯ ಮೂಲ ದೊರಾಬ್ಜಿ ನವರೋಜಿ ಎಂಬ ಪಾರ್ಸಿ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಕಟ್ಟಲು ದೊಡ್ಡ ದೇಣಿಗೆ ಕೊಟ್ಟವರು ಹೊರ್ಮುಸ್ಜಿ ಮೋದಿ. 1941ರ ಡಿಸೆಂಬರ್‌ನಲ್ಲಿ ಜಪಾನ್ ದಾಳಿ ಮಾಡಿದಾಗ ಊರು ಉಳಿಸಲು ಹೋರಾಡಿದ ಪಡೆಗಳಲ್ಲಿ ರಜಪೂತ್ ಮತ್ತು ಪಂಜಾಬ್ ರೆಜಿಮೆಂಟಿನ ಬೆಟಾಲಿಯನ್‌ಗಳಿದ್ದವು. ಸತ್ತವರ ಹೆಸರುಗಳು ಸಾಯ್‌ ವಾನ್ ಸ್ಮಾರಕದ ಕಲ್ಲಿನಲ್ಲಿವೆ.

1947ರ ನಂತರ ಸಿಂಧಿಗಳು ಜಾಸ್ತಿ ಬಂದರು. ಇವರ ಸ್ಥಿತಿಯನ್ನು ಸ್ವಲ್ಪ ನಿಂತು ನೋಡಬೇಕು. ಸಿಂಧ್ ಪಾಕಿಸ್ತಾನದ ಪಾಲಾಯಿತು, ಹುಟ್ಟೂರಿಗೆ ವಾಪಸ್ ಹೋಗುವ ದಾರಿ ಮುಚ್ಚಿತು. ಭಾರತದಲ್ಲಿ ಸ್ವಂತ ಊರು ಅನ್ನುವುದು ಇರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಅಂಗಡಿ ಇತ್ತು, ಹೊಲಿಗೆ ಯಂತ್ರ ಇತ್ತು, ಗಿರಾಕಿಗಳಿದ್ದರು. ಅದನ್ನೇ ಊರು ಮಾಡಿಕೊಂಡರು. ಚಿಮ್ ಶಾ ಚುಯ್ ಬೀದಿಗಳಲ್ಲಿ ಒಂದೇ ದಿನಕ್ಕೆ ಸೂಟ್ ಹೊಲಿದುಕೊಡುವ ದರ್ಜಿಗಳೆಂದು ಹೆಸರಾದರು. ಗಡಿಗೆರೆ ಎಳೆದ ಕಾರಣಕ್ಕೆ ಒಂದು ಸಲ ಊರು ಕಳೆದುಕೊಂಡವರು ಇವರು.

ಅಲ್ಲಿ ಹುಟ್ಟಿದ ಮಕ್ಕಳು ಆಗಿನ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆಗಳು. ದೊಡ್ಡವರಲ್ಲಿ ಹಲವರು ಅರ್ಜಿ ಹಾಕಿ ಬ್ರಿಟಿಷ್ ಪೌರತ್ವ ಪಡೆದರು. ಇಲ್ಲೇ ಒಂದು ಸಿಕ್ಕು. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಹೋಗುತ್ತದೆ. ಹಾಗಾಗಿ ಆ ಕಡೆ ಹೆಜ್ಜೆ ಇಟ್ಟವರಿಗೆ ಈ ಕಡೆಯ ಬಾಗಿಲು ಮುಚ್ಚಿತು. ಆಗ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಇರುವಾಗ ಏನು ಚಿಂತೆ, ಅಲ್ವಾ?

ಒಳಗಿನ ತಿರುಳು ತೆಗೆದ ಬಗೆ

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ ಲಂಡನ್ನಿನವರಿಗೂ ವಸಾಹತಿನವರಿಗೂ ಒಂದೇ ಹೆಸರಿನ ಪೌರತ್ವ ಕೊಟ್ಟಿತ್ತು. ಬ್ರಿಟನ್ನಿಗೆ ಹೋಗಿ ನೆಲೆಸುವ ಹಕ್ಕೂ ಅದರ ಜೊತೆಗಿತ್ತು. 1962ರಲ್ಲಿ ಮೊದಲ ಕತ್ತರಿ ಬಿತ್ತು. ವಸಾಹತು ಸರ್ಕಾರ ಕೊಟ್ಟ ಪಾಸ್‌ಪೋರ್ಟ್ ಇದ್ದವರು ವಲಸೆ ನಿಯಂತ್ರಣದ ಅಡಿಗೆ ಬಂದರು. 1968ರಲ್ಲಿ ಎರಡನೆಯದು. ಕೀನ್ಯಾದಲ್ಲಿದ್ದ ಭಾರತೀಯ ಮೂಲದವರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬರತೊಡಗಿದಾಗ, ಅವರನ್ನು ತಡೆಯಲು ಒಂದು ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮೂರೇ ದಿನದಲ್ಲಿ ಪಾಸು ಮಾಡಿದರು. ತಾವೋ, ಹೆತ್ತವರೋ, ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಅಥವಾ ಅಲ್ಲೇ ಪೌರತ್ವ ಪಡೆದಿರಬೇಕು ಅನ್ನುವುದು ಹೊಸ ಷರತ್ತು. ಈ ಷರತ್ತಿನಲ್ಲಿ ಬಣ್ಣದ ಹೆಸರು ಇಲ್ಲ. ಆದರೆ ಯಾರು ಒಳಗೆ, ಯಾರು ಹೊರಗೆ ಎಂದು ತಿಳಿಯಲು ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

ಕೊನೆಗೆ 1981ರ ಕಾಯ್ದೆ. 1983ರ ಜನವರಿ 1ರಿಂದ ಜಾರಿಗೆ ಬಂತು. ಒಂದೇ ಹೆಸರಿನ ಪೌರತ್ವವನ್ನು ಮೂರು ಹೋಳು ಮಾಡಿತು. ಬ್ರಿಟನ್ನಿನ ಜೊತೆ ನಂಟಿರುವವರು ಬ್ರಿಟಿಷ್ ಸಿಟಿಜನ್, ವಸಾಹತಿನವರು ಬ್ರಿಟಿಷ್ ಅವಲಂಬಿತ ಪ್ರದೇಶದ ಸಿಟಿಜನ್, ಉಳಿದ ಚೂರುಪಾರು ಜನ ಬ್ರಿಟಿಷ್ ಓವರ್‌ಸೀಸ್ ಸಿಟಿಜನ್. ಮೊದಲನೆಯವರಿಗೆ ಮಾತ್ರ ಬ್ರಿಟನ್ನಿನಲ್ಲಿ ವಾಸದ ಹಕ್ಕು.

ಎರಡು ವಿನಾಯಿತಿಗಳನ್ನು ಇಲ್ಲಿ ನೆನಪಿಡಬೇಕು. ಸ್ಪೇನಿನ ಅಂಚಿನಲ್ಲಿರುವ ಬ್ರಿಟಿಷ್ ನೆಲ ಜಿಬ್ರಾಲ್ಟರ್‌ನವರು ಅರ್ಜಿ ಹಾಕಿದರೆ ಪೂರ್ಣ ಪೌರತ್ವ ಸಿಗುವಂತೆ ಕಾಯ್ದೆಯಲ್ಲೇ ದಾರಿ ಮಾಡಿದರು. 1982ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಬ್ರಿಟಿಷ್ ದ್ವೀಪ ಫಾಕ್‌ಲೆಂಡ್‌ಗಾಗಿ ಅರ್ಜೆಂಟೀನಾ ಜೊತೆ ಯುದ್ಧ ಆಯಿತು. 1983ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿ ಆ ದ್ವೀಪದ ಎರಡು ಸಾವಿರಕ್ಕೂ ಕಡಿಮೆ ಜನರಿಗೆ ಪೂರ್ಣ ಪೌರತ್ವ ಕೊಟ್ಟರು. ಯುದ್ಧ ಮುಗಿದು ಒಂದು ವರ್ಷದೊಳಗೆ ಇದು ಆಗಿಹೋಯಿತು. ಮನಸ್ಸು ಇದ್ದಾಗ ಲಂಡನ್ ಎಷ್ಟು ಬೇಗ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಇದು ಅಳತೆಗೋಲು. ಮುಂದಿನ ಹನ್ನೆರಡು ವರ್ಷವನ್ನು ನಾನು ಇದೇ ಕೋಲಿನಿಂದ ಅಳೆಯುತ್ತೇನೆ.

1984: ಒಪ್ಪಂದ ಮತ್ತು ಎರಡು ಪತ್ರ

ಹಾಂಗ್‌ಕಾಂಗ್‌ನ ಬಹುಪಾಲು ನೆಲವಾದ ನ್ಯೂ ಟೆರಿಟರೀಸ್ ಬ್ರಿಟನ್ನಿಗೆ ಸಿಕ್ಕಿದ್ದು 1898ರಲ್ಲಿ, 99 ವರ್ಷದ ಗುತ್ತಿಗೆಗೆ. ಗುತ್ತಿಗೆ ಮುಗಿಯುವುದು 1997ರ ಜೂನ್ 30ಕ್ಕೆ. ಬ್ರಿಟನ್ ಮತ್ತು ಚೀನಾ ಎರಡು ವರ್ಷ ಮಾತುಕತೆ ನಡೆಸಿ 1984ರ ಡಿಸೆಂಬರ್ 19ರಂದು ಬೀಜಿಂಗ್‌ನಲ್ಲಿ, ಇಡೀ ಹಾಂಗ್‌ಕಾಂಗನ್ನು 1997ರಲ್ಲಿ ಚೀನಾಕ್ಕೆ ಒಪ್ಪಿಸುವ ಜಂಟಿ ಘೋಷಣೆಗೆ ಸಹಿ ಹಾಕಿದವು. ಸಹಿ ಹಾಕಿದ್ದು ಎರಡೂ ದೇಶದ ಪ್ರಧಾನಿಗಳಾದ ಥ್ಯಾಚರ್ ಮತ್ತು ಜಾವ್ ಝಿಯಾಂಗ್. ಆ ಮೇಜಿನಲ್ಲಿ ಹಾಂಗ್‌ಕಾಂಗ್ ಜನರಿಗೆ ಪ್ರತ್ಯೇಕ ಕುರ್ಚಿ ಇರಲಿಲ್ಲ.

ಪೌರತ್ವದ ವಿಷಯ ಎಷ್ಟು ಕಗ್ಗಂಟಾಗಿತ್ತೆಂದರೆ, ಅದನ್ನು ಒಪ್ಪಂದದೊಳಗೆ ಸೇರಿಸಲೇ ಇಲ್ಲ. ಎರಡೂ ಸರ್ಕಾರಗಳು ಒಂದೊಂದು ಜ್ಞಾಪನಾ ಪತ್ರ ಬರೆದು ಬದಲಾಯಿಸಿಕೊಂಡವು. ಬ್ರಿಟನ್ ತನ್ನ ಪತ್ರದಲ್ಲಿ, ಹಾಂಗ್‌ಕಾಂಗ್ ನಂಟಿನಿಂದ ಅವಲಂಬಿತ ಪ್ರದೇಶದ ಪೌರರಾದವರ ಆ ಸ್ಥಾನ 1997ರಲ್ಲಿ ಮುಗಿಯುತ್ತದೆ, ಬದಲಿಗೆ ಬೇರೊಂದು ಸ್ಥಾನ ಕೊಡುತ್ತೇವೆ, ಅದರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು, ಬ್ರಿಟನ್ನಿನಲ್ಲಿ ವಾಸದ ಹಕ್ಕು ಮಾತ್ರ ಇರುವುದಿಲ್ಲ ಎಂದಿತು. ಚೀನಾ ತನ್ನ ಪತ್ರದಲ್ಲಿ, ಹಾಂಗ್‌ಕಾಂಗ್‌ನ ಚೀನೀ ಬಂಧುಗಳೆಲ್ಲ ಚೀನಾದ ಪ್ರಜೆಗಳೇ, ಬ್ರಿಟನ್ ಕೊಟ್ಟ ಪುಸ್ತಕವನ್ನು ಪ್ರಯಾಣಕ್ಕೆ ಬೇಕಾದರೆ ಬಳಸಲಿ ಎಂದಿತು.

ಚೀನಾದ ಪತ್ರ ಮಾತಾಡಿದ್ದು ಚೀನೀ ಮೂಲದವರ ಬಗ್ಗೆ ಮಾತ್ರ. ಚೀನಾದ 1980ರ ರಾಷ್ಟ್ರೀಯತಾ ಕಾಯ್ದೆ ರಕ್ತಸಂಬಂಧದ ಮೇಲೆ ನಿಂತದ್ದು. ಚೀನೀ ಮೂಲದವರಿಗೆ ಬ್ರಿಟನ್ ಬಾಗಿಲು ಹಾಕಿದರೂ ಚೀನಾದ ಪೌರತ್ವ ಇತ್ತು. ಅದು ಬೇಕೋ ಬೇಡವೋ ಬೇರೆ ಮಾತು. ಸಿಂಧಿ ದರ್ಜಿಯ ಹಾಂಗ್‌ಕಾಂಗ್‌ನಲ್ಲೇ ಹುಟ್ಟಿದ ಮಗನಿಗೆ ಅದೂ ಇರಲಿಲ್ಲ. ಬ್ರಿಟನ್ ಕೈ ಬಿಟ್ಟರೆ ಅವನು ಯಾರಿಗೂ ಸೇರಿದವನಲ್ಲ.

1985ರ ಹಾಂಗ್‌ಕಾಂಗ್ ಕಾಯ್ದೆ ಮತ್ತು 1986ರ ಆದೇಶದಿಂದ ಹೊಸ ಸ್ಥಾನ ಹುಟ್ಟಿತು. ಅದರ ಹೆಸರು ಬ್ರಿಟಿಷ್ ನ್ಯಾಷನಲ್ ಓವರ್‌ಸೀಸ್. ಎಲ್ಲರೂ ಬಿಎನ್‌ಓ ಅನ್ನುತ್ತಾರೆ. ಇದಕ್ಕೆ ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಇದು ಮಕ್ಕಳಿಗೆ ಬರುವುದಿಲ್ಲ. ಅಂದರೆ ಒಂದೇ ತಲೆಮಾರಿನಲ್ಲಿ ಕರಗಿಹೋಗಲಿ ಎಂದೇ ಮಾಡಿದ ಸ್ಥಾನ.

ಲಂಡನ್ನಿನ ವಾದಗಳು

ಅಲ್ಪಸಂಖ್ಯಾತರ ಪ್ರಶ್ನೆ ಎದ್ದಿದ್ದು ಆಗಲೇ. 1985ರ ಮಸೂದೆ ಚರ್ಚೆಗೆ ಬಂದಾಗ, ಅದರಲ್ಲೂ ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ, ಈ ಕೆಲವು ಸಾವಿರ ಜನರಿಗಾದರೂ ಪೂರ್ಣ ಪೌರತ್ವ ಕೊಡಿ ಎಂದು ಹಲವು ಸದಸ್ಯರು ಕೇಳಿದರು. ಸರ್ಕಾರ ಒಪ್ಪಲಿಲ್ಲ. ಒಪ್ಪದಿರಲು ಕೊಟ್ಟ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಇಡೀ ಪ್ರಕರಣದ ಜೀವ ಇರುವುದು ಅಲ್ಲೇ.

ಮೊದಲ ಕಾರಣ, ಇವರು ದೇಶವಿಲ್ಲದವರಾಗುವುದಿಲ್ಲ. ಬ್ರಿಟನ್ ದೇಶವಿಲ್ಲದ ಸ್ಥಿತಿಯನ್ನು ಕಡಿಮೆ ಮಾಡುವ 1961ರ ಅಂತರರಾಷ್ಟ್ರೀಯ ಒಡಂಬಡಿಕೆಗೆ 1966ರಲ್ಲೇ ಬದ್ಧವಾಗಿತ್ತು. ಒಂದು ನೆಲವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಅಲ್ಲಿನ ಯಾರೂ ದೇಶವಿಲ್ಲದವರಾಗಬಾರದು ಅನ್ನುವುದು ಅದರ ಒಂದು ನಿಯಮ. ಸರ್ಕಾರ ಇದನ್ನು ಕಾಗದದ ಮೇಲೆ ಪಾಲಿಸಿತು. 1986ರ ಆದೇಶದಲ್ಲಿ ಒಂದು ಕಲಂ ಸೇರಿಸಿ, 1997ರಲ್ಲಿ ಯಾರಾದರೂ ದೇಶವಿಲ್ಲದವರಾಗುವ ಹಾಗಿದ್ದರೆ ಅವರು ತಾನಾಗಿಯೇ ಬ್ರಿಟಿಷ್ ಓವರ್‌ಸೀಸ್ ಸಿಟಿಜನ್ ಆಗುತ್ತಾರೆ ಎಂದಿತು. ಅವರ ಮುಂದಿನ ತಲೆಮಾರಿಗೂ ಒಂದು ಮಿತಿಯವರೆಗೆ ಈ ರಕ್ಷಣೆ ಕೊಟ್ಟಿತು. ನಿಯಮದ ಅಕ್ಷರ ಉಳಿಯಿತು. ಆದರೆ ಒಂದು ದೇಶದ ಪೌರತ್ವ ಎಂದು ಕರೆದು, ಆ ದೇಶಕ್ಕೆ ಕಾಲಿಡಲು ಬಿಡದಿದ್ದರೆ, ಆ ಪೌರತ್ವದಿಂದ ಏನು ಬಂತು? ವಿಮಾನ ನಿಲ್ದಾಣದಲ್ಲಿ ನಿಂತವನಿಗೆ ತಾನು ದೇಶವಿಲ್ಲದವನೋ, ಕಾಲಿಡಲಾಗದ ದೇಶದವನೋ ಅನ್ನುವ ಸೂಕ್ಷ್ಮ ಬೇಕಾಗಿಲ್ಲ. ಗೇಟು ತೆರೆಯುತ್ತದೋ ಇಲ್ಲವೋ ಅಷ್ಟೇ ಬೇಕು.

ಎರಡನೇ ಕಾರಣ, ಇವರಿಗೆ ಹಾಂಗ್‌ಕಾಂಗ್‌ನಲ್ಲೇ ವಾಸದ ಹಕ್ಕು ಇರುತ್ತದಲ್ಲ. ಇದು ಸುಳ್ಳಲ್ಲ. 1990ರಲ್ಲಿ ಚೀನಾ ಹೊರಡಿಸಿದ ಹಾಂಗ್‌ಕಾಂಗ್ ಮೂಲ ಕಾನೂನಿನ 24ನೇ ಕಲಂ, ಏಳು ವರ್ಷ ನೆಲೆಸಿ ಅದನ್ನೇ ಕಾಯಂ ಮನೆ ಮಾಡಿಕೊಂಡ ಚೀನೀಯೇತರರಿಗೂ ವಾಸದ ಹಕ್ಕು ಕೊಡುತ್ತದೆ. ಆದರೆ ಚೀನೀಯೇತರರು ಸತತ 36 ತಿಂಗಳು ಹೊರಗಿದ್ದರೆ ಆ ಹಕ್ಕು ಹೋಗಬಹುದು. ಮತ್ತೆ, ಹೊಸ ಹಾಂಗ್‌ಕಾಂಗ್ ಪಾಸ್‌ಪೋರ್ಟ್ ಸಿಗುವುದು ಚೀನೀ ಪ್ರಜೆಗಳಿಗೆ ಮಾತ್ರ. ಇರಲು ಜಾಗ ಉಂಟು, ಆದರೆ ಆ ಊರು ನಿಮ್ಮನ್ನು ತನ್ನವರೆಂದು ಕರೆಯುವುದಿಲ್ಲ. ಬ್ರಿಟನ್ ತನ್ನ ಪ್ರಜೆಗಳ ಭದ್ರತೆಯನ್ನು ಇನ್ನೊಂದು ಸರ್ಕಾರದ ಒಳ್ಳೆಯ ಮನಸ್ಸಿಗೆ ಒತ್ತೆ ಇಟ್ಟಿತ್ತು.

ಮೂರನೇ ಕಾರಣವನ್ನು ಅಧಿಕಾರಿಗಳ ಭಾಷೆಯಲ್ಲಿ ಪೂರ್ವನಿದರ್ಶನ ಅನ್ನುತ್ತಾರೆ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅನ್ನುವ ಭಯ. ಅವಲಂಬಿತ ಪ್ರದೇಶದ ಪೌರರೆಂಬ ಪಟ್ಟಿಯಲ್ಲಿ ಹಾಂಗ್‌ಕಾಂಗ್‌ನಲ್ಲೇ ಸುಮಾರು 32 ಲಕ್ಷ ಜನರಿದ್ದರು. ಕೆಲವು ಸಾವಿರಕ್ಕೆ ಕೊಟ್ಟರೆ ಉಳಿದ ಲಕ್ಷಗಳಿಗೆ ಏನು ಹೇಳುವುದು? ಪೂರ್ವ ಆಫ್ರಿಕಾದಲ್ಲಿ, ಮಲೇಷ್ಯಾದಲ್ಲಿ ಉಳಿದುಹೋದ ಓವರ್‌ಸೀಸ್ ಸಿಟಿಜನ್‌ಗಳಿಗೆ ಏನು ಹೇಳುವುದು?

ನನ್ನ ಪ್ರಕಾರ ಉಳಿದೆರಡು ಕಾರಣಗಳು ಮುಸುಕು. ನಿಜವಾದದ್ದು ಈ ಭಯ. ವಿಚಿತ್ರ ಅಂದರೆ, ಈ ಗುಂಪಿನ ಮಟ್ಟಿಗೆ ಈ ಭಯಕ್ಕೆ ಬುಡವೇ ಇರಲಿಲ್ಲ. ಬೇರೆ ಯಾವ ದೇಶದ ಪೌರತ್ವವೂ ಇಲ್ಲದವರು ಅನ್ನುವುದೇ ಒಂದು ಗಟ್ಟಿ ಗೆರೆ. ಆ ಗೆರೆಯೊಳಗೆ ಹೊಸದಾಗಿ ಯಾರೂ ಬಂದು ಸೇರುವ ಹಾಗಿಲ್ಲ. ಚೀನೀ ಮೂಲದವರು ಆ ಗೆರೆಯ ಆಚೆ, ಯಾಕೆಂದರೆ ಅವರು ತನ್ನವರೆಂದು ಚೀನಾವೇ ಬರೆದು ಕೊಟ್ಟಿದೆ. ಫಾಕ್‌ಲೆಂಡ್‌ಗೆ ಕೊಟ್ಟಾಗ ಪೂರ್ವನಿದರ್ಶನದ ಭಯ ಕಾಡಲಿಲ್ಲ. ಅಲ್ಲಿನವರು ಬಿಳಿಯರು, ಬ್ರಿಟನ್ನಿನಿಂದಲೇ ಹೋದವರು. ಹಾಂಗ್‌ಕಾಂಗ್‌ನ ಇವರ ಮೂಲ ಪಂಜಾಬ್, ಸಿಂಧ್, ಗುಜರಾತ್. ಸಂಖ್ಯೆಯ ವ್ಯತ್ಯಾಸ ಕೆಲವು ಸಾವಿರ. ಬಣ್ಣ ಬಿಟ್ಟು ಬೇರೆ ಯಾವ ವ್ಯತ್ಯಾಸ ಹುಡುಕಿದರೂ ನನಗೆ ಸಿಗಲಿಲ್ಲ.

ಹಕ್ಕಿನ ಬದಲು ಸರ್ಕಾರ ಒಂದು ಭರವಸೆ ಕೊಟ್ಟಿತು. ಮುಂದೆ ಇವರ ಮೇಲೆ ಹಾಂಗ್‌ಕಾಂಗ್ ಬಿಡುವ ಒತ್ತಡ ಬಂದರೆ, ಬ್ರಿಟನ್ನಿಗೆ ಸೇರಿಸಿಕೊಳ್ಳುವ ವಿಷಯವನ್ನು ವಿಶೇಷ ಸಹಾನುಭೂತಿಯಿಂದ ನೋಡುತ್ತೇವೆ ಎಂದಿತು. ಹಕ್ಕು ಇದ್ದವನು ಕೌಂಟರಿಗೆ ಹೋಗಿ ಕೇಳುತ್ತಾನೆ. ಸಹಾನುಭೂತಿ ಸಿಕ್ಕವನು ಮೊದಲು ತಾನು ಎಷ್ಟು ಕಷ್ಟದಲ್ಲಿದ್ದೇನೆ ಎಂದು ತೋರಿಸಬೇಕು, ಆಮೇಲೆ ಕಾಯಬೇಕು.

ಬೇರೆಯವರು ಏನು ಮಾಡಿದರು?

ಇದು ಆಗದ ಕೆಲಸವಾಗಿತ್ತೇ? ಇರಲಿಲ್ಲ. ಪಕ್ಕದ ಮಕಾವು ಪೋರ್ಚುಗಲ್‌ನ ಕೈಯಲ್ಲಿತ್ತು, 1999ರ ಡಿಸೆಂಬರ್ 20ರಂದು ಚೀನಾಕ್ಕೆ ಸೇರಿತು. ಅಲ್ಲಿ 1981ರ ನವೆಂಬರ್‌ಗಿಂತ ಮೊದಲು ಹುಟ್ಟಿದ ಚೀನೀ ಮೂಲದವರಿಗೂ ಪೋರ್ಚುಗಲ್‌ನ ಪೂರ್ಣ ಪೌರತ್ವಕ್ಕೆ ದಾರಿ ಇತ್ತು. ಲಕ್ಷದಷ್ಟು ಜನ ಆ ಪಾಸ್‌ಪೋರ್ಟ್ ಹಿಡಿದಿದ್ದರು.

ನಮ್ಮ ಹತ್ತಿರದ ಉದಾಹರಣೆಗಳೂ ಇವೆ. ಗೋವಾ 1961ರಲ್ಲಿ ಭಾರತ ಸೇರಿದ ಮೇಲೆ 1962ರ ಪೌರತ್ವ ಆದೇಶದಿಂದ ಅಲ್ಲಿನವರು ಭಾರತೀಯರಾದರು. ಪೋರ್ಚುಗಲ್ ಮಾತ್ರ ಅದಕ್ಕೆ ಮೊದಲು ಅಲ್ಲಿ ಹುಟ್ಟಿದವರಿಗೂ ಅವರ ವಂಶದವರಿಗೂ ತನ್ನ ಪೌರತ್ವದ ಬಾಗಿಲನ್ನು ತೆರೆದೇ ಇಟ್ಟಿದೆ. ಕಾರವಾರದ ಕಡೆ ಗೋವಾ ನಂಟಿರುವ ಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ. ಪುದುಚೇರಿಯ ಒಪ್ಪಂದ 1962ರಲ್ಲಿ ಜಾರಿಗೆ ಬಂದಾಗ ಅಲ್ಲಿನವರಿಗೆ ಫ್ರೆಂಚ್ ಪೌರತ್ವ ಆರಿಸಿಕೊಳ್ಳಲು ಆರು ತಿಂಗಳ ಅವಕಾಶ ಇತ್ತು. ಆರಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಲಿದ್ದಾರೆ. ವಸಾಹತು ಬಿಟ್ಟು ಹೊರಡುವವನು ಅಲ್ಲಿನ ಜನರನ್ನು ಕೇಳಬಹುದು, ಆಯ್ಕೆ ಕೊಡಬಹುದು. ಆ ಪದ್ಧತಿ ಇತ್ತು.

1989ರ ಭಯ, 1990ರ ಅಂಕಪಟ್ಟಿ

1989ರ ಜೂನ್ 4ರಂದು ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಸುತ್ತ ಚೀನಾದ ಸೇನೆ ಪ್ರತಿಭಟನೆಗೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿತು. ಹಾಂಗ್‌ಕಾಂಗ್ ನಡುಗಿತು. ಎಂಟು ವರ್ಷದಲ್ಲಿ ನಾವೂ ಇವರ ಕೈಗೆ ಅನ್ನುವ ಮಾತು ಎಲ್ಲರ ಬಾಯಲ್ಲಿ. ಕೆನಡಾ, ಆಸ್ಟ್ರೇಲಿಯಾ ಕಡೆಗೆ ವರ್ಷಕ್ಕೆ ಸುಮಾರು 60 ಸಾವಿರ ಜನ ಹೊರಡತೊಡಗಿದರು.

ಇಡೀ ಹಾಂಗ್‌ಕಾಂಗ್‌ಗೆ ವಾಸದ ಹಕ್ಕು ಕೊಡಿ ಎಂಬ ಕೂಗಿಗೆ ಲಂಡನ್ ಕಡ್ಡಿ ಮುರಿದಂತೆ ಇಲ್ಲ ಎಂದಿತು. ಬದಲಿಗೆ 1989ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಒಂದು ಯೋಜನೆ ಘೋಷಿಸಿದರು. 50 ಸಾವಿರ ಜನರಿಗೆ ಮತ್ತು ಅವರ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಪೂರ್ಣ ಪೌರತ್ವ. ಆರಿಸುವುದು ಅಂಕದ ಮೇಲೆ. ವಯಸ್ಸು, ಓದು, ಅನುಭವ, ಇಂಗ್ಲಿಷ್, ಬ್ರಿಟನ್ನಿನ ನಂಟು, ಎಲ್ಲಕ್ಕೂ ಅಂಕ. 36,200 ಸ್ಥಾನ ವೃತ್ತಿನಿರತರಿಗೆ, 7,000 ಪೊಲೀಸ್ ಮುಂತಾದ ಶಿಸ್ತಿನ ಪಡೆಗಳಿಗೆ, 6,300 ಸೂಕ್ಷ್ಮ ಹುದ್ದೆಯವರಿಗೆ, 500 ಉದ್ಯಮಿಗಳಿಗೆ. ಉದ್ದೇಶವನ್ನೂ ಮುಚ್ಚಿಡಲಿಲ್ಲ. ಕೈಯಲ್ಲಿ ಪಾಸ್‌ಪೋರ್ಟ್ ಇದ್ದರೆ ಇವರು ಧೈರ್ಯವಾಗಿ ಹಾಂಗ್‌ಕಾಂಗ್‌ನಲ್ಲೇ ಉಳಿಯುತ್ತಾರೆ, ಊರು ನಡೆಯುತ್ತದೆ ಅನ್ನುವ ಲೆಕ್ಕ ಅದು.

ಇದಕ್ಕೂ ಲಂಡನ್ನಿನಲ್ಲಿ ಗದ್ದಲ. ಆಳುವ ಪಕ್ಷದೊಳಗೇ ನಾರ್ಮನ್ ಟೆಬಿಟ್ ಬಂಡಾಯದ ಮುಂದಾಳು. ವಲಸೆ ಬಂದವರು ಕ್ರಿಕೆಟ್‌ನಲ್ಲಿ ಯಾವ ತಂಡಕ್ಕೆ ಚಪ್ಪಾಳೆ ಹೊಡೆಯುತ್ತಾರೆ ನೋಡಿ ಎಂದು ಅವರು ಹೇಳಿದ್ದೂ 1990ರ ಏಪ್ರಿಲ್‌ನಲ್ಲೇ. ಆ ಮಾತು ಇವತ್ತಿಗೂ ಭಾರತೀಯ ಮೂಲದವರನ್ನು ಚುಚ್ಚುತ್ತದೆ. ಮಸೂದೆ ಹೇಗೋ ಪಾಸಾಯಿತು. ಈ ಯೋಜನೆಯಲ್ಲಿ ಸಿಕ್ಕ ಪೌರತ್ವವನ್ನು ತಾನು ಒಪ್ಪುವುದಿಲ್ಲ ಎಂದು ಚೀನಾ ಹೇಳಿತು.

ಈ ಯೋಜನೆಯ ಬಗ್ಗೆ ಹೇಳಲು ಬಹಳ ಇದೆ. ನಮ್ಮ ಪ್ರಕರಣಕ್ಕೆ ಬೇಕಾದ್ದು ಒಂದೇ. ಅಂಕಪಟ್ಟಿ ಕೇಳುವುದು ಈ ವ್ಯಕ್ತಿಯಿಂದ ನಮಗೇನು ಉಪಯೋಗ ಎಂದು. ಈತನಿಗೆ ಬೇರೆ ಯಾರಿದ್ದಾರೆ ಎಂದು ಅದು ಕೇಳುವುದಿಲ್ಲ. ಓದು ಕಡಿಮೆ ಇರುವ, ವಯಸ್ಸಾದ ಒಬ್ಬ ಪಂಜಾಬಿ ಕಾವಲುಗಾರನಿಗೆ ಆ ಪಟ್ಟಿಯಲ್ಲಿ ಎಷ್ಟು ಅಂಕ ಬಂದೀತು? ಅವನಿಗೆ ಬೇರೆ ದೇಶವೇ ಇಲ್ಲ. ಬೇರೆ ದೇಶ ಇದ್ದ ಬ್ಯಾಂಕ್ ಮ್ಯಾನೇಜರ್ ಅವನನ್ನು ಸುಲಭವಾಗಿ ದಾಟಿ ಮುಂದೆ ಹೋಗುತ್ತಾನೆ.

ಕೊನೆಯ ವರ್ಷಗಳು

1996ರ ಮಾರ್ಚ್ 31ರ ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಅವಲಂಬಿತ ಪ್ರದೇಶದ ಪೌರತ್ವಕ್ಕೆ ಅರ್ಜಿ ಹಾಕಲು ಅದು ಕೊನೆಯ ದಿನ. ಅದು ಸಿಕ್ಕರೆ ಬಿಎನ್‌ಓ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬಹುದು. ವಾನ್ ಚಾಯ್‌ನ ವಲಸೆ ಇಲಾಖೆಯ ಎತ್ತರದ ಕಟ್ಟಡದ ಸುತ್ತ ಸಾಲು ಬೆಳೆಯಿತು. ರಸ್ತೆ ಸಾಲಲಿಲ್ಲ, ಜನರನ್ನು ಹತ್ತಿರದ ಕ್ರೀಡಾಂಗಣಕ್ಕೆ ಕಳಿಸಬೇಕಾಯಿತು. ಆ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಅರ್ಜಿ ಬಂದವು. ನೆನಪಿಡಿ, ಬ್ರಿಟನ್ನಿಗೆ ಹೋಗಿ ಇರಲು ಬಿಡದ, ಮಕ್ಕಳಿಗೆ ದಾಟಿಸಲಾಗದ ಪಾಸ್‌ಪೋರ್ಟಿಗಾಗಿ ಆ ಸಾಲು. ಬಿಳಿ ಹಾಳೆಯ ಮೇಲೆ ಇದನ್ನು ಎಷ್ಟು ಬರೆದರೂ ಆ ಸಾಲಿನಲ್ಲಿ ನಿಂತವರ ಎದೆಯಲ್ಲಿ ಏನಿತ್ತು ಅನ್ನುವುದು ಪೂರ್ತಿ ಬರುವುದಿಲ್ಲ.

ಅದೇ ತಿಂಗಳು ಪ್ರಧಾನಿ ಜಾನ್ ಮೇಜರ್ ಹಾಂಗ್‌ಕಾಂಗ್‌ಗೆ ಬಂದಿದ್ದರು. ಹಳೆಯ ಭರವಸೆಯನ್ನು ಒಂದು ಮೆಟ್ಟಿಲು ಮೇಲೇರಿಸಿದರು. ಅಲ್ಪಸಂಖ್ಯಾತರು ಊರು ಬಿಡುವ ಒತ್ತಡಕ್ಕೆ ಸಿಕ್ಕರೆ ಬ್ರಿಟನ್ ಸೇರಿಸಿಕೊಳ್ಳುವುದು ಖಚಿತ ಎಂದರು. ಯುದ್ಧದಲ್ಲಿ ಹೋರಾಡಿದವರ ಪತ್ನಿಯರು ಮತ್ತು ವಿಧವೆಯರಿಗೆ ಪೌರತ್ವ ಕೊಡುವ ಕಾಯ್ದೆಯೂ 1996ರಲ್ಲೇ ಆಯಿತು. ಮಹಾಯುದ್ಧ ಮುಗಿದು ಅರ್ಧ ಶತಮಾನ ಆದ ಮೇಲೆ.

ಭರವಸೆ ಬೇಡ, ಪುಸ್ತಕ ಬೇಕು ಎಂದು ಹಾಂಗ್‌ಕಾಂಗ್‌ನ ಭಾರತೀಯ ಸಮುದಾಯ ಪಟ್ಟು ಹಿಡಿಯಿತು. ಬಟ್ಟೆ ವ್ಯಾಪಾರದಿಂದ ಬೆಳೆದ ಹರಿಲೇಲಾ ಕುಟುಂಬದಂಥ ದೊಡ್ಡವರಿಂದ ಹಿಡಿದು ಸಣ್ಣ ಅಂಗಡಿಯವರವರೆಗೆ ಎಲ್ಲರಿಗೂ ಇದು ಮನೆಯ ಮಾತಾಯಿತು. ಗವರ್ನರ್ ಕ್ರಿಸ್ ಪ್ಯಾಟನ್ ಬೆಂಬಲಕ್ಕೆ ನಿಂತರು. ಅವರು 1995ರ ಸೆಪ್ಟೆಂಬರ್‌ನಲ್ಲೇ ಹಾಂಗ್‌ಕಾಂಗ್‌ನ 33 ಲಕ್ಷ ಪಾಸ್‌ಪೋರ್ಟ್‌ದಾರರಿಗೂ ವಾಸದ ಹಕ್ಕು ಕೊಡಬೇಕು ಎಂದು ಹೇಳಿ ತಮ್ಮ ಪಕ್ಷದವರಿಂದಲೇ ಬೈಸಿಕೊಂಡಿದ್ದರು. ಹಾಂಗ್‌ಕಾಂಗ್‌ನ ಶಾಸನ ಸಭೆಯಲ್ಲಿ ಉಳಿದ ವಿಷಯಗಳಲ್ಲಿ ಎಣ್ಣೆ ಸೀಗೇಕಾಯಿ ಆಗಿದ್ದವರೂ ಈ ವಿಷಯದಲ್ಲಿ ಒಂದಾದರು.

ಲಂಡನ್ನಿನಲ್ಲಿ ಗೃಹ ಸಚಿವ ಮೈಕೆಲ್ ಹೊವರ್ಡ್ ಬಗ್ಗಲಿಲ್ಲ. ಲಾರ್ಡ್ಸ್ ಸಭೆಯಲ್ಲಿ ಲಾರ್ಡ್ ವಿಲ್ಲೋಬಿ ಡಿ ಬ್ರೋಕ್ ಒಂದು ಖಾಸಗಿ ಮಸೂದೆ ತಂದರು. ಬೇರೆ ಪೌರತ್ವ ಇಲ್ಲದ ಹಾಂಗ್‌ಕಾಂಗ್ ನಿವಾಸಿಗಳಿಗೆ ಪೂರ್ಣ ಪೌರತ್ವ, ಇಷ್ಟೇ ಅದರ ಸಾರ. ಸರ್ಕಾರ ಇನ್ನೂ ಬೇಡ ಅನ್ನುತ್ತಲೇ ಇತ್ತು. ಆದರೆ 1997ರ ಫೆಬ್ರವರಿ 4ರಂದು ಹೊವರ್ಡ್, ಸರ್ಕಾರ ಇದನ್ನು ಒಪ್ಪುತ್ತದೆ ಎಂದರು. ಮಾರ್ಚ್ 19ಕ್ಕೆ ರಾಣಿಯ ಒಪ್ಪಿಗೆ ಬಿತ್ತು. ಸುಮಾರು ಆರು ವಾರದಲ್ಲಿ ಕೆಲಸ ಮುಗಿದಿತ್ತು. ಅದರ ಬೆನ್ನಿಗೇ ಪಾರ್ಲಿಮೆಂಟ್ ಚುನಾವಣೆಗೆ ಮುಚ್ಚಿತು. ಸ್ವಲ್ಪ ತಡವಾಗಿದ್ದರೆ ಮಸೂದೆ ಅಲ್ಲೇ ಸಾಯುತ್ತಿತ್ತು.

ಹನ್ನೆರಡು ವರ್ಷ ಆಗದಿದ್ದುದು ಆರು ವಾರದಲ್ಲಿ ಆಯಿತು. ಈ ನಡುವೆ ವಾಸ್ತವ ಯಾವುದೂ ಬದಲಾಗಿರಲಿಲ್ಲ. ಜನ ಅವರೇ, ಸಂಖ್ಯೆ ಅಷ್ಟೇ, ಚೀನಾದ ಕಾನೂನು ಅದೇ. ಪೂರ್ವನಿದರ್ಶನದ ಭಯ ಎಲ್ಲಿ ಹೋಯಿತು? ಬೇರೆ ಯಾವ ಗುಂಪೂ ಈ ಬಾಗಿಲಿನಿಂದ ನುಗ್ಗಲಿಲ್ಲ. ಗೆರೆ ಗಟ್ಟಿಯಾಗೇ ನಿಂತಿತು. ಅದು 1985ರಲ್ಲೂ ಅಷ್ಟೇ ಗಟ್ಟಿಯಾಗಿತ್ತು.

ಗೆರೆಯ ಆಚೆ ಉಳಿದವರು

ಕಾಯ್ದೆಯಲ್ಲೂ ಒಂದು ದಿನಾಂಕ ಕೂತಿತ್ತು. ಹೊವರ್ಡ್ ಘೋಷಣೆ ಮಾಡಿದ ಅದೇ 1997ರ ಫೆಬ್ರವರಿ 4. ಅದಕ್ಕಿಂತ ಮೊದಲೇ ಹಾಂಗ್‌ಕಾಂಗ್‌ನಲ್ಲಿ ನೆಲೆಸಿರಬೇಕು. ಹಾಂಗ್‌ಕಾಂಗ್ ನಂಟಿನ ಆ ಬ್ರಿಟಿಷ್ ಸ್ಥಾನವೊಂದನ್ನು ಬಿಟ್ಟರೆ ಆಗ ಬೇರೆ ಯಾವ ದೇಶದ ಪೌರತ್ವವೂ ಇರಬಾರದು. ಅರ್ಜಿ ಹಾಕುವುದು ಜುಲೈ 1ರಿಂದ, ಅಂದರೆ ಬ್ರಿಟಿಷ್ ಬಾವುಟ ಇಳಿದ ಮೇಲೆ.

ಇಲ್ಲದ್ದನ್ನು ಇಲ್ಲ ಎಂದು ಸಾಬೀತು ಮಾಡುವುದು ಎಷ್ಟು ಕಷ್ಟ ಅನ್ನುವುದು ಕಚೇರಿ ಅಲೆದವರಿಗೆ ಗೊತ್ತು. ಹುಟ್ಟಿದ ಮಗುವಿಗೆ ಅಪ್ಪನ ಕಡೆಯಿಂದ ಭಾರತದ ಅಥವಾ ನೇಪಾಳದ ಪೌರತ್ವ ಬಂದಿತ್ತೇ? ಅಪ್ಪ ಬ್ರಿಟಿಷ್ ಪೌರತ್ವ ತೆಗೆದುಕೊಂಡಾಗ ಮಗುವಿನದೂ ಹೋಯಿತೇ, ಉಳಿಯಿತೇ? ಒಂದು ದೇಶದ ಕಾನೂನನ್ನು ಇನ್ನೊಂದು ದೇಶದ ಗುಮಾಸ್ತ ಓದಿ ತೀರ್ಪು ಹೇಳುವ ಸ್ಥಿತಿ. ಆ ದಿನ ಅಪ್ರಾಪ್ತರಾಗಿದ್ದ ಹಲವರ ಅರ್ಜಿ ಈ ಕಾರಣಕ್ಕೆ ನಿಂತಿತು. ಲಾರ್ಡ್ಸ್ ಸಭೆಯ ಎರಿಕ್ ಏವ್‌ಬರಿ ಇವರ ಪರವಾಗಿ ವರ್ಷಗಟ್ಟಲೆ ಪತ್ರ ಬರೆಯುತ್ತಲೇ ಹೋದರು.

2002ರ ಕಾಯ್ದೆಯೊಂದು ಬೇರೆ ಪೌರತ್ವವಿಲ್ಲದ ಓವರ್‌ಸೀಸ್ ಸಿಟಿಜನ್‌ಗಳಿಗೆ ಪೂರ್ಣ ಪೌರತ್ವದ ಬಾಗಿಲು ತೆರೆಯಿತು. ಕೀನ್ಯಾದವರ ಮುಖಕ್ಕೆ 1968ರಲ್ಲಿ ಹಾಕಿದ ಬಾಗಿಲು 34 ವರ್ಷದ ಮೇಲೆ ಸ್ವಲ್ಪ ಸರಿಯಿತು. ಆ ಕಾಯ್ದೆಯಲ್ಲಿ ಬಿಎನ್‌ಓದವರ ಹೆಸರು ಇರಲಿಲ್ಲ. ಬೇರೆ ಪೌರತ್ವ ಇಲ್ಲದ ಬಿಎನ್‌ಓದವರನ್ನು 2009ರ ಕಾಯ್ದೆಯಲ್ಲಿ ಸೇರಿಸಿದರು. ಹಸ್ತಾಂತರ ಆಗಿ ಆಗಲೇ ಹನ್ನೆರಡು ವರ್ಷ ಕಳೆದಿತ್ತು.

ಉಳಿದ ಲಕ್ಷಾಂತರ ಜನರ ಸರದಿ ಬಂದಿದ್ದು ಇನ್ನೂ ತಡವಾಗಿ. 2020ರ ಜೂನ್ 30ರಂದು ಹಾಂಗ್‌ಕಾಂಗ್‌ನಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಯಾಯಿತು. 2021ರ ಜನವರಿ 31ರಿಂದ ಬಿಎನ್‌ಓದವರಿಗೆ ಮತ್ತು ಕುಟುಂಬದವರಿಗೆ ಬ್ರಿಟನ್ ವಿಶೇಷ ವೀಸಾ ಕೊಡತೊಡಗಿತು. 54 ಲಕ್ಷದಷ್ಟು ಜನ ಅರ್ಹರು ಎಂದು ಸರ್ಕಾರದ ಅಂದಾಜಿತ್ತು. ಬಂದು ನೆಲೆಸಿದವರು ಮೊದಲ ಮೂರು ನಾಲ್ಕು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ. ವೀಸಾ ಶುರುವಾದ ಅದೇ ದಿನದಿಂದ ಚೀನಾ ಆ ಕಡುಗೆಂಪು ಪುಸ್ತಕವನ್ನು ಪ್ರಯಾಣದ ದಾಖಲೆಯಾಗಿ ಒಪ್ಪುವುದನ್ನು ನಿಲ್ಲಿಸಿತು.